ಸೋಮವಾರ ಹೂಡದ ಎತ್ತು

ನನ್ನ ಮೊಬೈಲಿನ ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯಿದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಕುಂಕುಮದ ಬೊಟ್ಟಿಗಿಂತ ತುಸು ಚಿಕ್ಕದು. ಇಷ್ಟು ಅಲ್ಪಗಾತ್ರದ ವಸ್ತುವೊಂದು ಇಷ್ಟು ದೊಡ್ಡ ದರ್ಪವನ್ನು ತೋರಬಲ್ಲದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಎಷ್ಟೋ ಮಂದಿ ಪ್ರಾಚಾರ್ಯರ ಆಜ್ಞೆಗಳನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟವಳು ನಾನು. ಆದರೆ ಈ ಚುಕ್ಕೆ ಕಂಡೊಡನೆ ಒಲೆಯ ಮೇಲಿನ ಹಾಲನ್ನೂ ಮರೆತು ಬೆರಳು ಚಾಚುತ್ತಿದ್ದೆ. ಕತ್ತಿ ಹಿರಿದು ಬಾಯಿ ತೆರೆದು ಕಿರಿಚುತ್ತಿರುವ ಒಬ್ಬ ವೀರಾಂಗನೆಯ ಚಿತ್ರದ ನೆತ್ತಿಯ ಮೇಲೆ ಅದು ಕೂತಿದೆ. ಅದರ ಅರ್ಥ ಇಷ್ಟೇ: ಇವತ್ತು ನೀನು ಇನ್ನೂ ಬಂದಿಲ್ಲ, ಬಾ.

ಹೌದು, ನಾನು ಅಂತರ್ಜಾಲದ ಆಟವೊಂದನ್ನು ಆಡುತ್ತೇನೆ. ಪಾತ್ರವೊಂದನ್ನು ಧರಿಸಿ, ಕಾಲ್ಪನಿಕ ರಾಜ್ಯವೊಂದರಲ್ಲಿ ಅಲೆದು, ರಾಕ್ಷಸರನ್ನು ಕೊಂದು, ಮಟ್ಟದಿಂದ ಮಟ್ಟಕ್ಕೆ ಏರುವ ಆಟ. ಅದರ ಹೆಸರು ಹೇಳಿ ಪುಕ್ಕಟೆ ಪ್ರಚಾರ ಕೊಡುವ ಔದಾರ್ಯ ನನಗಿಲ್ಲ. ಸಂಧಿ ಸಮಾಸಗಳನ್ನು ಕಲಿಸುತ್ತ ತಲೆ ನರೆತವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳುವ ಮೊದಲೇ ನಮ್ಮ ಯಜಮಾನರು ಕೇಳಿಯಾಗಿದೆ. ಬನಹಟ್ಟಿಯ ನಮ್ಮ ಮನೆಯ ಹಿಂದೆ ಮಗ್ಗಗಳನ್ನು ಹಾಕಿಕೊಂಡಿರುವ ಅವರಿಗೆ ದಿನವಿಡೀ ಆ ಖಟಖಟ ಸಪ್ಪಳದಲ್ಲಿ ಮಾತಾಡಿ ರೂಢಿಯಾದ್ದರಿಂದ ಅವರ ಟೀಕೆಗಳೂ ಓಣಿಗೆಲ್ಲ ಕೇಳಿಸುತ್ತವೆ. "ಕಾಲೇಜಿನ್ಯಾಗ ಹುಡುಗರಿಗೆ ಮೊಬೈಲ್ ಮುಟ್ಟಬ್ಯಾಡ್ರಿ ಅಂತೀ, ಮನಿಗೆ ಬಂದು ನೀನ ರಾಕ್ಷಸರ ಬೆನ್ನ ಹತ್ತತೀ!" ಎಂದು ಅವರು ಅಂದದ್ದಕ್ಕೆ ಎದುರು ಮನೆಯವರೂ ನಕ್ಕಿದ್ದಾರೆ.

ಅಪರಾಧಿ ನಾನಲ್ಲ, ತೇರದಾಳದಲ್ಲಿರುವ ನಮ್ಮಣ್ಣ ಮಲ್ಲಪ್ಪ. ಕಬ್ಬು, ಅರಿಷಿಣ ಎಂದು ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಹೊಲದಲ್ಲಿಯೇ ಇರುತ್ತಿದ್ದ ಮನುಷ್ಯ. ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ, ಕೆಲವು ತಿಂಗಳು ಹೊಲದ ಬದುವನ್ನು ಕೂಡ ಹತ್ತಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಕೂತಲ್ಲಿ ಕೂರದ ಅಪ್ಪನ ಕಾಟ ತಡೆಯಲಾರದೆ ಮಗಳು ಸವಿತಾ ಅವನ ಮೊಬೈಲಿಗೆ ಈ ಆಟ ಹಾಕಿಕೊಟ್ಟಳು. ಆಟದಲ್ಲೊಂದು ಆಮಿಷವಿತ್ತು: ಇನ್ನೊಬ್ಬರನ್ನು ಆಟಕ್ಕೆ ಎಳೆತಂದವರಿಗೆ ಒಂದು ಕಬ್ಬಿಣದ ಶಿರಸ್ತ್ರಾಣ ಬಹುಮಾನ. ಮೊಣಕಾಲು ನೋಯುವವನಿಗೆ ತಲೆಗೆ ಕವಚ ಯಾಕೋ, ಅಂತೂ ಆ ಶಿರಸ್ತ್ರಾಣಕ್ಕಾಗಿ ಅವನು ಒಡಹುಟ್ಟಿದ ತಂಗಿಯನ್ನು ಬಲಿಕೊಟ್ಟ.

ಈ ಆಟವನ್ನು ನಿರ್ಮಿಸಿದ ಮಹಾಶಯರ ಕಲ್ಪನಾಶಕ್ತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಆರಂಭದಲ್ಲಿ ಒಂದು ಹಳ್ಳಿ, ಅದಕ್ಕೊಬ್ಬ ಬೆನ್ನು ಬಾಗಿದ ಮುಖ್ಯಸ್ಥ. "ವೀರನೇ, ತೋಳಗಳಿಂದ ನಮ್ಮನ್ನು ಕಾಪಾಡು, ಹತ್ತು ತೋಳದ ಚರ್ಮ ತಾ" ಎನ್ನುತ್ತಾನೆ. ತಂದುಕೊಟ್ಟರೆ ಆನಂದಬಾಷ್ಪ ಸುರಿಸುತ್ತಾನೆ. ಮರುದಿನ ಹೋದರೆ ನನ್ನ ಗುರುತೇ ಇಲ್ಲದವನಂತೆ, ಅದೇ ಬಾಗಿದ ಬೆನ್ನಿನಿಂದ, ಮತ್ತೆ ಹತ್ತು ಚರ್ಮ ಕೇಳುತ್ತಾನೆ. ನಿನ್ನೆ ಸತ್ತ ತೋಳಗಳು ಇಂದು ಅದೇ ಪೊದೆಯ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಎದ್ದು ನಿಂತಿರುತ್ತವೆ. ನಮ್ಮಿಬ್ಬರಿಂದಲೇ ಆ ಮುದುಕ ಪಡೆದ ಚರ್ಮಗಳಲ್ಲಿ ಜಮಖಂಡಿಯ ಪೇಟೆಗೆಲ್ಲ ಚಪ್ಪಲಿ ಹೊಲಿಸಬಹುದಾಗಿತ್ತು. ಅವನ ಕಾಲು ಮಾತ್ರ ಇನ್ನೂ ಬರಿಗಾಲು. ಆಟ ಕನ್ನಡದಲ್ಲಿಯೂ ಇದೆಯೆಂದು ಮೊದಮೊದಲು ಹೆಮ್ಮೆಪಟ್ಟಿದ್ದೆ. ಮೊದಲ ಸಲ ತೋಳದ ಬಾಯಿಗೆ ಬಿದ್ದಾಗ ಪರದೆಯ ಮೇಲೆ "ನೀವು ಸತ್ತಿದ್ದೀರಿ. ಆನಂದಿಸಿ!" ಎಂಬ ವಾಕ್ಯ ಮೂಡಿತು. ಅಲ್ಲಿಗೆ ಆ ಹೆಮ್ಮೆಯೂ ತೀರಿಕೊಂಡಿತು.

ನೇಕಾರಿಕೆಯನ್ನೂ ಇವರು ಬಿಟ್ಟಿಲ್ಲ. ಒಂದು ಗುಂಡಿ ಒತ್ತಿದರೆ ರೆಪ್ಪೆ ಬಡಿಯುವಷ್ಟರಲ್ಲಿ ನೂಲು ಹೋಗಿ ರಾಜವಸ್ತ್ರವಾಗಿ ಬಿಡುತ್ತದೆ. ಯಜಮಾನರು ಒಮ್ಮೆ ಹೆಗಲ ಮೇಲಿನಿಂದ ಇಣುಕಿ ನೋಡಿ, "ಹಾಸು ಎಲ್ಲೈತಿ, ಹೊಕ್ಕು ಎಲ್ಲೈತಿ? ಎಳಿ ಹರದರ ಗಂಟ ಹಾಕವರು ಯಾರು?" ಎಂದು ಕೇಳಿದರು. ಆ ರಾಜವಸ್ತ್ರ ಎರಡು ಕಾಳಗಕ್ಕೆ ಚಿಂದಿಯಾದಾಗ ಅವರ ಮುಖದಲ್ಲಿ ಮೂಡಿದ ತೃಪ್ತಿಯನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ಇನ್ನು ಬೇಟೆನಾಯಿ. ಮೈತುಂಬ ಉಣ್ಣೆ, ಗೇಣುದ್ದದ ಕಾಲು, ಬೇಟೆ ಕಾಣುವ ಮೊದಲೇ ಬೊಗಳಿ ಅದಕ್ಕೆ ಸುದ್ದಿ ಮುಟ್ಟಿಸುವ ಸೌಜನ್ಯ. ಮುಧೋಳದಲ್ಲಿ ನಾಯಿ ಸಾಕುವ ನನ್ನ ಸೋದರತ್ತೆಯ ಮಗನಿಗೆ ಇದನ್ನು ತೋರಿಸಿದೆ. ಅವನು ಕನ್ನಡಕ ಏರಿಸಿ ಗಂಭೀರವಾಗಿ ಪರೀಕ್ಷಿಸಿ, "ಅಕ್ಕಾ, ಇದು ಮೊಲಾ ಹಿಡಿಯೂದಿಲ್ಲ. ಮೊಲಾನ ಬಂದು ಇದನ್ನ ಹಿಡೀತೈತಿ" ಎಂದ.

ಇಷ್ಟೆಲ್ಲ ಹಳಿಯುವವಳು ಬಿಟ್ಟುಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡಲಾಗಲಿಲ್ಲ, ಅದಕ್ಕೆ ಕಾರಣವಿದೆ. ಆಟಕ್ಕೆ ಮೊದಲು ಅಣ್ಣನೂ ನಾನೂ ಫೋನಿನಲ್ಲಿ ಆಡುತ್ತಿದ್ದ ಮಾತುಗಳೆಂದರೆ "ಊಟ ಆತೇನು?", "ಆತು, ನಿಂದು?", "ಆತು", "ಮಳಿ ಐತೇನು?", "ಇಲ್ಲ", "ಇಡ್ಲ್ಯಾ?", "ಇಡು." ತೇರದಾಳ ಬನಹಟ್ಟಿಗೆ ಬಸ್ಸಿನಲ್ಲಿ ಒಂದು ನಿದ್ದೆ ಹತ್ತುವಷ್ಟೂ ದೂರವಿಲ್ಲ, ಆದರೂ ಅವ್ವ ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತಿನ ಸಾಮಗ್ರಿಯೇ ಖಾಲಿಯಾಗಿತ್ತು. ಆಟದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಟ್ಟಿಗೆ ತೋಳ ಬೇಟೆಗೆ ಹೊರಟರೆ ಕತೆಯೇ ಬೇರೆ. "ತಂಗೀ, ಎಡಕ್ಕ ಐತಿ ನೋಡು, ಬಡಿ ಬಡಿ!" ಎನ್ನುತ್ತ, ಆ ಗದ್ದಲದ ನಡುವೆಯೇ, ನನ್ನ ಮುಖ ನೋಡಿಕೊಂಡು ಎಂದೂ ಹೇಳಲಾರದ ಮಾತನ್ನು ಹೇಳಿಬಿಡುತ್ತಿದ್ದ. ಒಂದು ಸಂಜೆ ಹಾಗೆಯೇ, "ನಾ ಮತ್ತ ಹೊಲದಾಗ ಕಾಲ ಇಡ್ತೇನೋ ಇಲ್ಲೋ ಅಂತ ಅಂಜಿಕಿ ಆಗೇತಿ ಯವ್ವಾ" ಎಂದವನು, ನಾನು ಉತ್ತರಿಸುವ ಮೊದಲೇ "ಬಲಕ್ಕ ಒಂದೈತಿ, ಬಿಡಬ್ಯಾಡ" ಎಂದು ಕೂಗಿದ. ಆ ತೋಳವನ್ನು ನಾನು ಕಣ್ಣು ಒರೆಸಿಕೊಳ್ಳುತ್ತ ಕೊಂದೆ. ನನಗೆ ಬೇಕಿದ್ದದ್ದು ಆ ಸಂಜೆಯ ಮಾತು, ಹಾಳು ಚರ್ಮಗಳಲ್ಲ.

ಆಟದ ಆರಂಭದಲ್ಲಿ ವಾಹನವೊಂದನ್ನು ಆರಿಸಿಕೊಳ್ಳಬೇಕು. ಸಿಂಹ, ಆನೆ, ರೆಕ್ಕೆಯ ಕುದುರೆ, ಬೆಂಕಿಯುಗುಳುವ ಹಲ್ಲಿ, ಹೀಗೆ ಒಂದು ಮೃಗಾಲಯವೇ ಸಾಲಾಗಿ ನಿಲ್ಲುತ್ತದೆ. ಕಾವ್ಯ ಕಲಿಸುವ ದೌರ್ಬಲ್ಯದಿಂದ ನಾನು ರೆಕ್ಕೆಯ ಕುದುರೆಯನ್ನು ಆರಿಸಿದೆ. ಆ ರೆಕ್ಕೆ ಕೇವಲ ಅಲಂಕಾರಕ್ಕೆಂದೂ, ಹಾರಲು ಇನ್ನಷ್ಟು ಮಟ್ಟ ಏರಬೇಕೆಂದೂ ಆಮೇಲೆ ತಿಳಿಯಿತು. ಅಣ್ಣ ಕಡೆಯ ಮೂಲೆಯಲ್ಲಿದ್ದ ಎತ್ತಿನ ಚಕ್ಕಡಿಯನ್ನು ಆರಿಸಿ, ಎತ್ತಿಗೆ ಹೊನ್ನ್ಯಾ ಎಂದು ಹೆಸರಿಟ್ಟ. ಟ್ರ್ಯಾಕ್ಟರ್ ಮನೆಗೆ ಬಂದ ವರ್ಷ ದನಗಳಿಗೆ ಮೇವು ಹಾಕುವ ನಮ್ಮ ಗ್ವಾದಲಿ ಬಿಟ್ಟು ಹೋದ ಕಡೆಯ ಎತ್ತಿನ ಹೆಸರು ಅದು. ಆದರೆ ಜನ್ಮದಲ್ಲಿ ನೊಗ ಕಾಣದ ಆ ನಿರ್ಮಾಪಕರು ಜೋಡೆತ್ತಿನ ಚಕ್ಕಡಿಗೆ ಒಂದೇ ಎತ್ತನ್ನು ಹೂಡಿಟ್ಟಿದ್ದರು. ನೊಗದ ಇನ್ನೊಂದು ತುದಿ ಗಾಳಿಯಲ್ಲಿ ತೇಲುತ್ತಿತ್ತು. "ಇದರ ಜೋಡಿ ಎಲ್ಲಿ? ಒಂದ ಎತ್ತಿಗೆ ಹಿಂಗ ಹೂಡಿದರ ಅದರ ಹೆಗಲ ಏನಾಗಬೇಕು?" ಎಂದು ಅಣ್ಣ ದಿನವೂ ಕನಿಕರ ಪಡುತ್ತಿದ್ದ.

ಮೊದಲ ಸೋಮವಾರ ಅವನು ಆಟಕ್ಕೆ ಬರಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡು ಫೋನು ಮಾಡಿದೆ.

"ಇವತ್ತ ಸೋಮವಾರ ಅಲ್ಲೇನ?" ಎಂದ.

"ಸೋಮವಾರ ಆದರೇನಾತು?"

"ಹೊನ್ನ್ಯಾನ್ನ ಹೆಂಗ ಹೂಡ್ಲಿ?"

ನಕ್ಕೆ. ಅವನು ನಗಲಿಲ್ಲ. ನಮ್ಮ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ; ಅದು ಬಸವಣ್ಣನ ವಾರ. ನಮ್ಮ ಬಾಲ್ಯದ ಸೋಮವಾರಗಳಲ್ಲಿ ಎತ್ತುಗಳ ಮೈ ತೊಳೆದು, ಮೇವು ಹಾಕಿ, ಅಪ್ಪನೂ ಅವುಗಳ ಪಕ್ಕದಲ್ಲಿಯೇ ಕಂಬಕ್ಕೆ ಒರಗಿ ಎಲೆಯಡಿಕೆ ಮೆಲ್ಲುತ್ತ ಕೂರುತ್ತಿದ್ದ. ಎತ್ತು, ಮನುಷ್ಯ ಇಬ್ಬರೂ ಮೆಲುಕು ಹಾಕುವ ದಿನ. ಟ್ರ್ಯಾಕ್ಟರ್ ಬಂದ ಮೇಲೆ ಸೋಮವಾರವೆಂಬುದೇ ಮನೆಯಿಂದ ಎದ್ದುಹೋಯಿತು. ಯಂತ್ರಕ್ಕೆ ಯಾವ ಸೋಮವಾರ? ಅಣ್ಣ ಆ ದಿನವೂ ಹೊಲಕ್ಕೆ ಹೋಗತೊಡಗಿದ, ಮೊಣಕಾಲು ಸವೆಯುವ ತನಕ ಹೋದ. ಈಗ ಮೊಬೈಲಿನೊಳಗೆ ಒಂದು ಎತ್ತು ಬಂದದ್ದೇ ತಡ, ಅದರ ಹಿಂದೆಯೇ ಸೋಮವಾರವೂ ತಿರುಗಿ ಬಂದಿತ್ತು. ಅದು ಬರೀ ಚಿತ್ರವಲ್ಲವೇ ಎಂದು ವಾದಿಸಿದೆ. "ಗ್ವಾಡಿ ಮ್ಯಾಲಿನ ಬಸವಣ್ಣನೂ ಚಿತ್ರನ. ಅದಕ್ಕ ಕಾಲ ತೋರಿಸಿ ಮಲಗತೀಯೇನು?" ಎಂದು ಕೇಳಿದ. ನಾನು ವಾದ ಬಿಟ್ಟೆ.

ಆಟ ಬಿಡಲಿಲ್ಲ. ಅದರಲ್ಲೊಂದು ನಿತ್ಯದ ಉಡುಗೊರೆಯ ವ್ಯವಸ್ಥೆಯಿದೆ. ಏಳು ದಿನ ಎಡೆಬಿಡದೆ ಬಂದವರಿಗೆ ಏಳನೆಯ ದಿನ ಪಶ್ಚಿಮದ್ವಾರದ ಕೀಲಿಕೈ. ನಡುವೆ ಒಂದು ದಿನ ತಪ್ಪಿದರೆ ಗಳಿಸಿದ್ದೆಲ್ಲ ಸೊನ್ನೆ, ಮತ್ತೆ ಮೊದಲಿನಿಂದ. ಅಣ್ಣ ಮಂಗಳವಾರ ಶುರುಮಾಡಿ ರವಿವಾರದ ತನಕ ನಿಷ್ಠೆಯಿಂದ ಆರು ದಿನ ಬರುವನು. ಏಳನೆಯ ದಿನ ಸೋಮವಾರ. ಪ್ರತಿ ವಾರವೂ ಕೀಲಿಕೈ ಅವನ ಅಂಗಳದ ತನಕ ಬಂದು ಹಿಂದಿರುಗುವುದು. ವಿಶ್ರಾಂತಿಯನ್ನು ಪಾಪವೆಂದು ಗಣಿಸಿ ದಂಡ ವಿಧಿಸುವ ಧರ್ಮಶಾಸ್ತ್ರ ಇನ್ನಾವುದಾದರೂ ಇದ್ದರೆ ಬಲ್ಲವರು ತಿಳಿಸಬೇಕು. ಕ್ರೂರ ಜಮೀನ್ದಾರನೂ ಆಳಿಗೆ ವಾರದ ರಜೆ ಕೊಟ್ಟಾನು, ಆಟವೆಂದು ಹೆಸರಿಟ್ಟುಕೊಂಡ ಇದು ಕೊಡುವುದಿಲ್ಲ.

ನಾನಾದರೋ ಕೆಂಪು ಚುಕ್ಕೆಯ ದಾಸಿ. ಏಳೂ ದಿನ ಹೋದೆ, ಕೀಲಿಕೈ ಪಡೆದೆ. "ದ್ವಾರ ಪ್ರವೇಶಿಸುವಿರಾ?" ಎಂದು ಕೇಳಿತು. ಹೀಗೆ ಕೇಳಿದ್ದಕ್ಕೆಲ್ಲ ಓದದೆಯೇ ಹೌದು ಎಂದು ಒತ್ತುವುದು ನಮ್ಮ ಕಾಲದ ಸಂಸ್ಕೃತಿಯಷ್ಟೆ, ಒತ್ತಿದೆ. ಬೆನ್ನ ಹಿಂದೆ ಬಾಗಿಲು ಮುಚ್ಚಿ, "ವೀರರಿಗೆ ಹಿಂದಿರುಗುವ ದಾರಿಯಿಲ್ಲ" ಎಂಬ ಬರಹ ಮೂಡಿತು. ಮೇಲಿನ ಮಟ್ಟದವರು ಕೆಳಗಿನ ಮಟ್ಟದವರೊಡನೆ ಆಡುವಂತಿಲ್ಲವಂತೆ. ನಮ್ಮ ನಾಡಿನಲ್ಲಿ ಮೇಲು ಕೀಳನ್ನು ಅಳಿಸಲು ಶತಮಾನಗಳಿಂದ ಮಹಾತ್ಮರು ಹೆಣಗಿದ್ದಾರೆ. ಇವರು ಅದನ್ನು ಗುಂಡಿ ಒತ್ತಿ ಸ್ಥಾಪಿಸಿಬಿಟ್ಟರು.

ದ್ವಾರದ ಆಚೆ ಏನಿತ್ತು? ಇನ್ನೊಂದು ಹಳ್ಳಿ, ಇನ್ನೊಬ್ಬ ಬಾಗಿದ ಬೆನ್ನಿನ ಮುಖ್ಯಸ್ಥ. ಈಗ ತೋಳದ ಬದಲು ಕರಡಿ, ಹತ್ತರ ಬದಲು ಇಪ್ಪತ್ತು. ಪ್ರಗತಿ ಎಂದರೆ ಇದೇ ಇರಬೇಕು. ಅಲ್ಲಿ ಕಡ್ಡಾಯವಾಗಿ ಯಾವುದಾದರೊಂದು ಪಡೆಗೆ ಸೇರಬೇಕು. ನನ್ನ ಪಡೆಯ ದಳಪತಿ ಯಾವ ದೇಶದವನೋ, ಸರಿಯಾಗಿ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಯುದ್ಧ ಸಾರುತ್ತಿದ್ದ. ಹಿಟ್ಟಿನ ಕೈ ತೊಳೆದು ಓಡಿಬಂದರೆ ತಡವಾಯಿತೆಂದು ಬೈಗುಳ. ರೊಟ್ಟಿಯೂ ಸೀದು, ಕೋಟೆಯೂ ಬಿದ್ದು, ನಾನು ಉಭಯಭ್ರಷ್ಟಳಾದೆ. ದ್ವಾರದ ಈಚೆ ಅಣ್ಣ ಒಬ್ಬನೇ, ಒಂಟಿ ಎತ್ತಿನೊಂದಿಗೆ, ಅದೇ ತೋಳಗಳನ್ನು ಬಡಿಯುತ್ತಿದ್ದ. ಫೋನಿನಲ್ಲಿ ಮತ್ತೆ "ಊಟ ಆತೇನು?", "ಆತು" ಶುರುವಾಯಿತು.

ಉಪಾಯಗಳನ್ನು ಹುಡುಕಿದೆ. ಹೂಡದೆ ಸುಮ್ಮನೆ ಆಟ ತೆರೆದು ಮುಚ್ಚಿದರೆ ಸಾಕಲ್ಲ ಎಂದೆ. ತೆರೆದೊಡನೆ ವೀರನು ವಾಹನವೇರಿಯೇ ಪ್ರತ್ಯಕ್ಷನಾಗುತ್ತಾನೆ, ಎತ್ತು ತಾನಾಗಿ ನಾಲ್ಕು ಹೆಜ್ಜೆ ಎಳೆಯುತ್ತದೆ. ವಾಹನ ಬದಲಿಸೋಣವೆಂದರೆ ಬದಲಿಸುವ ಅಂಗಡಿ ಇರುವುದು ಪಶ್ಚಿಮದ್ವಾರದ ಆಚೆ! ಒಬ್ಬರಿಗೆ ಒಂದೇ ಪಾತ್ರವಾದ್ದರಿಂದ ನಾನು ಇನ್ನೊಂದು ವೇಷ ಧರಿಸಿ ಈಚೆ ಬರುವಂತೆಯೂ ಇಲ್ಲ. ಕಡೆಗೆ ಆಟದ ನಿರ್ಮಾಪಕರಿಗೆ ಒಂದು ದೂರು ಬರೆದೆ. ಸೋಮವಾರದ ಮಹತ್ತ್ವ, ನೊಗದ ರಚನೆ, ಸೋದರ ಪ್ರೇಮ ಎಲ್ಲವನ್ನೂ ಒಳಗೊಂಡ ಆ ಬರಹ, ನಾನೇ ಹೇಳಬಾರದು, ಶೈಲಿಯ ದೃಷ್ಟಿಯಿಂದ ಉತ್ತಮವಾಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. "ಪ್ರಿಯ ವೀರರೇ, ನಿಮ್ಮ ಸಂತೋಷದ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ. ನಿಮ್ಮ ಕುದುರೆಗೆ ಒಂದು ಗಜ್ಜರಿ ಉಡುಗೊರೆಯಾಗಿ ಕಳಿಸಿದ್ದೇವೆ."

ಗಜ್ಜರಿ ಬಂದ ಮರು ಸೋಮವಾರವೇ ಕಾಲೇಜಿಗೆ ರಜೆ ಸಿಕ್ಕಿತು. ಬಸ್ಸು ಹಿಡಿದು ತೇರದಾಳಕ್ಕೆ ಹೋದೆ. ಅಣ್ಣ ಕಟ್ಟೆಯ ಮೇಲೆ, ಮಡಿಸಿಟ್ಟಿದ್ದ ಬಿಳಿ ಧೋತರ ಉಟ್ಟು, ಅಪ್ಪ ಒರಗುತ್ತಿದ್ದ ಕಂಬಕ್ಕೇ ಒರಗಿ ಕೂತಿದ್ದ. ಕಾಲು ಬಹಳ ಮಟ್ಟಿಗೆ ಗುಣವಾಗಿತ್ತು. ಚಹಾ ಆಯಿತು. ಊಟ ಆತೇನು ಎಂಬುದೂ ಆಯಿತು. ಸ್ವಲ್ಪ ಹೊತ್ತಿಗೆ ಅವನು ಅಂಗಿಯ ಕಿಸೆಯಿಂದ ಮೊಬೈಲು ತೆಗೆದ.

"ಇದೊಂದ ಸೋಮವಾರ ಹೂಡತೇನಿ ಬಿಡು" ಎಂದ. "ಕೀಲಿ ಸಿಗತೈತಿ. ನಾ ಆಚಿ ಕಡೆ ಬರತೇನಿ."

"ಯಾಕಣ್ಣಾ, ಒಮ್ಮೆಲೆ?"

"ನೀ ಇಲ್ಲದ ಆ ತೋಳ ಬಡದ್ರ ಬ್ಯಾಸರ ಆಗತೈತಿ. ಮಾತಾಡಾಕ ಯಾರೂ ಇಲ್ಲ."

ಹೀಗೆಂದು ಆಟದ ಚಿತ್ರದ ಮೇಲೆ ಬೆರಳಿಟ್ಟ. ಆ ಬೆರಳು ಒತ್ತಲಿಲ್ಲ. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಈಗ ನೋಡಲಾಗಲಿಲ್ಲ. ಟ್ರ್ಯಾಕ್ಟರ್ ಕಸಿದುಕೊಂಡ ಸೋಮವಾರವನ್ನು ಹೇಗೋ ಮರಳಿ ಪಡೆದು ಕೂತ ಮನುಷ್ಯನಿಂದ ಇನ್ನೊಂದು ಯಂತ್ರ ಅದನ್ನು ನನ್ನ ಹೆಸರಿನಲ್ಲಿ ಕಸಿಯಲು ಹೊರಟಿತ್ತು. "ಹೊನ್ನ್ಯಾ ಮಲಗ್ಯಾನ, ಎಬ್ಬಿಸಬ್ಯಾಡ" ಎಂದು ಅವನ ಕೈಯಿಂದ ಮೊಬೈಲು ಕಿತ್ತುಕೊಂಡೆ.

ಆಮೇಲೆ ನನ್ನದನ್ನು ತೆಗೆದು, ಸೆಟ್ಟಿಂಗ್‌ನ ಪಾತಾಳದಲ್ಲಿ ಅವರು ಬೇಕೆಂದೇ ಬಚ್ಚಿಟ್ಟಿದ್ದ, ಪಾತ್ರವನ್ನು ಅಳಿಸುವ ಗುಂಡಿಯನ್ನು ಹುಡುಕಿ ಒತ್ತಿದೆ. ಖಚಿತವೇ ಎಂದು ಕೇಳಿತು. ನಿಮ್ಮ ಎಲ್ಲ ಮಟ್ಟಗಳೂ ನಾಶವಾಗುತ್ತವೆ ಎಂದು ಹೆದರಿಸಿತು. ರೆಕ್ಕೆಯ ಕುದುರೆ ಪರದೆಯ ಮೇಲೆ ಬಂದು ದೊಡ್ಡ ದೊಡ್ಡ ಹನಿಗಳಲ್ಲಿ ಅತ್ತಿತು. ಕರಡಿಗಳನ್ನು ಕೊಂದು ನಾನು ಗಳಿಸಿದ ಕೀರ್ತಿ, ಪದವಿ, ಗಜ್ಜರಿ ಎಲ್ಲವೂ ಹೋದವು. ಕಾಲೇಜಿನಲ್ಲಿ ಬಡ್ತಿ ಸಿಕ್ಕಾಗಲೂ ನನಗೆ ಇಷ್ಟು ಹಗುರೆನಿಸಿರಲಿಲ್ಲ.

ಮತ್ತೆ ಮೊದಲ ಮಟ್ಟ. ವಾಹನವನ್ನು ಆರಿಸಿರೆಂದು ಅದೇ ಮೃಗಾಲಯ ಸಾಲುಗಟ್ಟಿ ನಿಂತಿತು. ಕಡೆಯ ಮೂಲೆಯ ಎತ್ತಿನ ಮೇಲೆ ಬೆರಳಿಡಲು ಹೋದೆ. ಅಣ್ಣ ನನ್ನ ಕೈ ಹಿಡಿದ.

"ನಾಳೆ ಮಾಡು. ಹೊಸಾ ಎತ್ತಾದ್ರೇನು, ಸೋಮವಾರ ಸೋಮವಾರನ."

ಅದೂ ನಿಜವೇ. ಮೊಬೈಲುಗಳನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಎಲೆಯಡಿಕೆಯ ಚೀಲ ನಡುವೆ ಇಟ್ಟುಕೊಂಡು, ಸಂಜೆಯ ಬಸ್ಸಿನ ತನಕ ಕೂತೆವು. ಮಾತಾಡಿದೆವೇ ಎಂದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹೊನ್ನ್ಯಾ ಗ್ವಾದಲಿ ಬಿಟ್ಟು ಹೋದ ದಿನ ಅಪ್ಪ ಊಟ ಮಾಡಿರಲಿಲ್ಲ ಎಂಬುದನ್ನು ಅವನು ಮೊದಲ ಸಲ ಹೇಳಿದ. ಅದಕ್ಕೆ ಯಾವ ತೋಳದ ನೆರವೂ ಬೇಕಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಬನಹಟ್ಟಿಯಲ್ಲಿ, ಹಿಂದೆ ಮಗ್ಗಗಳು ಖಟಖಟಿಸುತ್ತಿರುವಾಗ, ನನ್ನ ಎತ್ತನ್ನು ಹೊಡೆದುಕೊಂಡು ಆ ಬೆನ್ನು ಬಾಗಿದ ಮುದುಕನ ಹಳ್ಳಿಗೆ ಹೋದೆ. ಅಣ್ಣ ಮೊದಲೇ ಬಂದು ಕಾದಿದ್ದ. ನನ್ನ ಚಕ್ಕಡಿಯನ್ನು ಅವನದಕ್ಕೆ ತಾಗಿಸಿ ನಿಲ್ಲಿಸಿದಾಗ ಎರಡೂ ಎತ್ತುಗಳು ಅಕ್ಕಪಕ್ಕ ಬಂದವು. ನಿರ್ಮಾಪಕರ ಮೂರ್ಖತನಕ್ಕೆ ಇದಕ್ಕಿಂತ ತಕ್ಕ ತಿದ್ದುಪಡಿ ಸಾಧ್ಯವಿರಲಿಲ್ಲ. ಕಿವಿಯಲ್ಲಿ ಅಣ್ಣನ ದನಿ ಕೇಳಿಸಿತು: "ಈಗ ಜೋಡಿ ಆತ ನೋಡು."

ನಾವಿಬ್ಬರೂ ಪಶ್ಚಿಮದ್ವಾರವನ್ನು ಈ ಜನ್ಮದಲ್ಲಿ ದಾಟುವುದಿಲ್ಲ. ಮಂಗಳವಾರದಿಂದ ರವಿವಾರದ ತನಕ ಮುದುಕನಿಗೆ ಚರ್ಮ ಒದಗಿಸುತ್ತೇವೆ. ಅಣ್ಣ ಈಗ ಹೊಲಕ್ಕೂ ಹೋಗುತ್ತಾನೆ, ಬದುವಿನ ಮೇಲೆ ಕೂತು ಆಡುತ್ತಾನೆ. ಸೋಮವಾರ ಟ್ರ್ಯಾಕ್ಟರನ್ನೂ ಹೊರಗೆ ತೆಗೆಯುವುದಿಲ್ಲವೆಂದು ಸವಿತಾ ನನ್ನ ಮೇಲೆ ದೂರು ಹೇಳಿದಳು.

ಇದನ್ನು ಬರೆಯುತ್ತಿರುವ ಇಂದು ಸೋಮವಾರ. ಮೇಜಿನ ಮೇಲಿನ ಮೊಬೈಲಿನಲ್ಲಿ ಆ ಕೆಂಪು ಚುಕ್ಕೆ ಬೆಳಗಿನಿಂದ ಕೂತಿದೆ. ಇವತ್ತು ನೀನು ಇನ್ನೂ ಬಂದಿಲ್ಲ ಎನ್ನುತ್ತಿದೆ. ಹೌದು, ಬಂದಿಲ್ಲ. ಎತ್ತು ಮಲಗಿದೆ.